ಹೊಸ ಟೈರು ಹಿಂದಕ್ಕೆ

ಟೈರಿನ ಗೀರುಗಳ ಆಳದಲ್ಲಿ ಅಲ್ಲಲ್ಲಿ ಪುಟ್ಟ ರಬ್ಬರ್ ದಿಬ್ಬಗಳಿರುತ್ತವೆ. ಬಗ್ಗಿ ನೋಡಿದವರಿಗಷ್ಟೇ ಕಾಣುತ್ತವೆ. ನಾನು ಬಗ್ಗಿ ನೋಡಿದೆ, ಅಲ್ಲೇ ಆದದ್ದು ಎಡವಟ್ಟು. ಅವು ಕಾರ್ಖಾನೆಯವರು ಸರಿಯಾಗಿ ಕೆತ್ತದೆ ಬಿಟ್ಟ ಚೂರುಗಳೆಂದೂ, ಮಳೆನೀರು ಹರಿದುಹೋಗಲು ಅಡ್ಡ ನಿಂತಿವೆಯೆಂದೂ ನಾನಾಗಿಯೇ ತೀರ್ಮಾನ ಮಾಡಿ, ಒಂದು ಭಾನುವಾರ ಬೆಳಿಗ್ಗೆ ಸ್ಕ್ರೂಡ್ರೈವರು, ಹಳೇ ಬ್ಲೇಡು ಹಿಡಿದು ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಎರಡು ಗಂಟೆಯಲ್ಲಿ ಹನ್ನೊಂದು ದಿಬ್ಬ ಕಿತ್ತೆ, ಎರಡು ಬೆರಳು ಕೊಯ್ದುಕೊಂಡೆ.

ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಅತ್ತಿಗೆ ಕೆಳಗೆ ಬಗ್ಗಿ ನೋಡಿ, "ಏನೋ, ಟೈರಿಗೆ ಹಲ್ಲುಜ್ಜಿಸ್ತಾ ಇದ್ದೀಯಾ?" ಅಂದರು.

"ನೀರು ಹೋಗೋಕೆ ದಾರಿ ಮಾಡ್ತಿದ್ದೀನಿ ಅತ್ತಿಗೆ," ಅಂದೆ, ಅಣೆಕಟ್ಟು ಕಟ್ಟಿಸಿದವನ ಗತ್ತಿನಲ್ಲಿ.

ಇಲ್ಲಿ ನನ್ನ ಉದ್ಯೋಗ ಹೇಳಿಬಿಟ್ಟರೆ ನಗುವವರಿಗೆ ಅನುಕೂಲ. ನಾನು ಟೈಲ್ಸ್ ಅಂಗಡಿಯಲ್ಲಿ ಸಂಬಳಕ್ಕಿದ್ದೇನೆ. ಬಚ್ಚಲಮನೆಗೆ ಹಾಕುವ, ಕಾಲು ಜಾರದ ಟೈಲ್ಸು ನನ್ನ ವಿಭಾಗ. ಗಿರಾಕಿ ಬಂದಾಗೆಲ್ಲ ಒಂದು ಲೋಟ ನೀರು ಚೆಲ್ಲಿ, ಚಪ್ಪಲಿ ಬಿಚ್ಚಿ, ಅದರ ಮೇಲೆ ನಡೆದು ತೋರಿಸುತ್ತೇನೆ. ನುಣುಪಾಗಿ ಹೊಳೆಯುವುದನ್ನು ನಂಬಬೇಡಿ, ಒದ್ದೆಯಾದಾಗ ಅದರ ಬಣ್ಣ ಬಯಲಾಗುತ್ತದೆ ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುತ್ತೇನೆ. ಸಂಜೆ ಅದೇ ಬಾಯಿ ಮುಚ್ಚಿಕೊಂಡು, ಬೋಳು ಟೈರಿನ ಕಾರು ಹತ್ತಿ ಮನೆಗೆ ಬರುತ್ತಿದ್ದೆ.

ಕಾರು ಅಣ್ಣನದು. ಅವನಿಗೆ ದೂರದೂರಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಾನೆ. ಬೆಳಿಗ್ಗೆ ಅತ್ತಿಗೆಯನ್ನು ಅವರು ಕೆಲಸ ಮಾಡುವ ಔಷಧಿ ಅಂಗಡಿಗೆ, ಅವರ ಆರು ವರ್ಷದ ಮಗಳನ್ನು ಶಾಲೆಗೆ ಬಿಟ್ಟು ನಾನು ಟೈಲ್ಸಿಗೆ ಹೋಗುವುದು ನಮ್ಮ ಒಪ್ಪಂದ. ನಮ್ಮ ಮನೆ ಎತ್ತರದಲ್ಲಿದೆ. ಇಳಿಜಾರಿನ ಕೊನೆಗೆ ನೀರಿನ ಟ್ಯಾಂಕಿನ ಬಳಿ ಒಂದು ತಿರುವು. ಚರಂಡಿ ಕಟ್ಟಿಕೊಂಡರೆ ಅಲ್ಲಿ ರಸ್ತೆಯ ಮೇಲೆ ತೆಳ್ಳಗೆ ನೀರು ಹರಡಿರುತ್ತದೆ.

ನನ್ನ ಕೆತ್ತನೆ ಮುಗಿದ ಮೂರನೇ ದಿನ, ಬುಧವಾರ, ಮೊದಲ ಜೋರು ಮಳೆ ಬಂತು. ಟ್ಯಾಂಕಿನ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದೆ. ಸ್ಟೀರಿಂಗ್ ತಿರುಗಿತು, ಕಾರು ತಿರುಗಲಿಲ್ಲ. ನೆಟ್ಟಗೆ, ಬಹಳ ಶಾಂತವಾಗಿ, ಎದುರಿನ ಕಾಂಪೌಂಡ್ ಗೋಡೆಯ ಕಡೆ ಹೊರಟಿತು. ಏನು ಮಾಡಬೇಕೋ ತೋಚದೆ ಕೈಕಾಲು ಬಿಟ್ಟುಕೊಂಡು ಕೂತೆ. ಆಮೇಲೆ ಗೊತ್ತಾಯಿತು, ನನ್ನ ಬದುಕಿನಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಗೋಡೆಗೆ ಮೊಳದಷ್ಟು ದೂರ ಇರುವಾಗ ಕಾರು ನಿಂತಿತು.

ಹಿಂದಿನ ಸೀಟಿನಿಂದ ಮಗು, "ಚಿಕ್ಕಪ್ಪ, ಇನ್ನೊಂದ್ ಸಲ," ಅಂದಿತು.

ಬಾಯಿ ತೆರೆದರೆ ಮೂರು ಮಹಡಿಗೆ ಕೇಳಿಸುವ ಅತ್ತಿಗೆ ಸಂಜೆ ಒಂದೇ ಮಾತು ಹೇಳಿದರು: ಟೈರು ಬದಲಾಗುವವರೆಗೆ ಮಗು ಈ ಕಾರು ಹತ್ತುವುದಿಲ್ಲ. ಬದಲಾದ ಮೇಲೂ, ಅವರ ಕಣ್ಣಿಗೆ ನಂಬಿಕೆ ಬಂದರೆ ಮಾತ್ರ.

ಮರುದಿನದಿಂದ ತಾಯಿ ಮಗಳು ಆರು ಗಂಟೆಗೇ ಒಂದೇ ಕೊಡೆಯಡಿ ಬಸ್ಸಿಗೆ ಹೊರಟರು. ಎರಡು ಬಸ್ಸು ಬದಲಿಸಬೇಕು. ಮಗು ಶೂಸಿನೊಳಗೆ ನೀರು ತುಂಬಿಸಿಕೊಂಡು ಸಂಜೆ ಮನೆಗೆ ಬರುತ್ತಿತ್ತು. ನಾನು ಕಿಟಕಿಯಲ್ಲಿ ನಿಂತು ಆ ಕೊಡೆ ಇಳಿಜಾರಿನಲ್ಲಿ ಚಿಕ್ಕದಾಗುವುದನ್ನು ನೋಡುತ್ತಿದ್ದೆ. ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಎಲ್ಲಿಗೆ ಹೋಗುವುದೆಂದು ತಿಳಿಯುತ್ತಿರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳ ಮುಂದೆ ನೀರು ಚೆಲ್ಲಿ ನಡೆಯುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದೆ. ಫೋನಿನಲ್ಲಿ ಟೈರುಗಳ ಬಗ್ಗೆ ಕಂಡಕಂಡವರು ಬರೆದದ್ದನ್ನೆಲ್ಲ ಓದಿದೆ. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ಉಗಿದಿದ್ದ. ಮೂರು ದಿನ ಓದಿದ ಮೇಲೆ ಟೈರು ಗುಂಡಗಿರುತ್ತದೆ ಎಂಬ ಒಂದು ವಿಷಯ ಬಿಟ್ಟು ಬೇರೆ ಯಾವುದರಲ್ಲೂ ನನಗೆ ಖಚಿತತೆ ಉಳಿದಿರಲಿಲ್ಲ.

ಹಾಗೆ ನಾನು ಹೋಗಿ ನಿಂತದ್ದು ಉಗುರಣ್ಣನ ಮುಂದೆ.

ದೊಡ್ಡ ರಸ್ತೆಯ ಪಕ್ಕ, ಹಳೇ ಗೋದಾಮಿನ ಅರ್ಧ ಭಾಗದಲ್ಲಿ ಅವರ ಟೈರಂಗಡಿ. ಒಳಗೆ ಒಂದು ಕಂಪ್ರೆಸರು, ಪಂಚರ್ ನೋಡುವ ನೀರಿನ ತೊಟ್ಟಿ, ಟೈರು ಕಳಚುವ ಮೆಷಿನ್ನು, ಮೂಲೆಯಲ್ಲಿ ಚಕ್ರದ ತೂಕ ಸಮ ಮಾಡುವ ಬ್ಯಾಲೆನ್ಸಿಂಗ್ ಮೆಷಿನ್ನು. ಎರಡು ಕುರ್ಚಿಗಳಿವೆ, ಗಿರಾಕಿಗಳಿಗೆ. ಉಗುರಣ್ಣ ಕೂತದ್ದನ್ನು ಕಂಡವರು ಯಾರೂ ಇಲ್ಲ. ಅರವತ್ತರ ಹತ್ತಿರದ ಕುಳ್ಳ ಮನುಷ್ಯ. ಮೆಷಿನ್ನಿನಿಂದ ಬಾಗಿಲಿಗೆ, ಬಾಗಿಲಿನಿಂದ ತೊಟ್ಟಿಗೆ ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ತಿರುಗುತ್ತಿರುತ್ತಾರೆ. ಬಲಗೈ ಹೆಬ್ಬೆರಳಿನ ಉಗುರನ್ನು ಮಾತ್ರ ಉದ್ದ ಬಿಟ್ಟಿದ್ದಾರೆ. ಅದು ಕಪ್ಪಗೆ, ದಪ್ಪಗೆ, ಹುಣಸೆಬೀಜದ ಥರ ಇದೆ. ಟೈರು ಎದುರಿಗೆ ಬಂದರೆ ಅವರು ಮೊದಲು ಆ ಉಗುರನ್ನು ರಬ್ಬರಿಗೆ ಒತ್ತುತ್ತಾರೆ. ಹೆಸರು ಬಂದದ್ದು ಅಲ್ಲಿಂದ.

ನನ್ನ ಮುಖವನ್ನು ಅವರು ನೋಡಲೇ ಇಲ್ಲ. ನೇರ ಕಾರಿನ ಮುಂದಿನ ಚಕ್ರದ ಬಳಿ ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಬೆರಳಿನಿಂದ ಗೀರಿನ ಒಳಗೆ ಸವರಿದರು, ಇನ್ನೊಂದು ಕಡೆ ಸವರಿದರು, ಆಮೇಲೆ ನನ್ನ ಕೊಯ್ದ ಬೆರಳುಗಳನ್ನು ನೋಡಿದರು.

"ಇದನ್ನ ಯಾರು ಕಿತ್ತಿದ್ದು?"

ಇಲಿ ಎಂದು ಹೇಳುವ ಆಸೆಯಾಯಿತು. ನಾನೇ ಅಂದೆ, ಕಾರಣವನ್ನೂ ಹೇಳಿದೆ.

ಅವರು ನಗಲಿಲ್ಲ. ಟೈರು ಸವೆದು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಅದರ ಆಯಸ್ಸು ಮುಗಿಯಿತೆಂದು ಅರ್ಥ, ಅದನ್ನು ತಿಳಿಸಲೆಂದೇ ಅದನ್ನಲ್ಲಿ ಇಟ್ಟಿರುತ್ತಾರೆ ಎಂದು ವಿವರಿಸಿದರು. "ನಾನು ಸತ್ತೆ, ನಾನು ಸತ್ತೆ ಅಂತ ಅದು ಕೂಗ್ತಾ ಇತ್ತಪ್ಪ. ನೀನು ಹೋಗಿ ನಾಲಿಗೆ ಕತ್ತರಿಸಿದ್ದೀಯ."

ಮೂಲೆಯ ಮೆಷಿನ್ನಿನ ಬಳಿಯಿಂದ ಯಾರೋ ನಕ್ಕರು. ಎತ್ತರದ ಸ್ಟೂಲಿನ ಮೇಲೆ, ಬಲಗಾಲನ್ನು ಮಡಿಸಲಾಗದೆ ಕೋಲಿನಂತೆ ಮುಂದೆ ಚಾಚಿ ಕೂತ ನಲವತ್ತರ ಮನುಷ್ಯ. "ಭಾವ, ಆ ಟೈರನ್ನ ಬಿಸಾಕಬೇಡಿ, ಗೋಡೆಗೆ ನೇತು ಹಾಕೋಣ," ಅಂದ. ಉಗುರಣ್ಣನ ಹೆಂಡತಿಯ ತಮ್ಮ ಎಂದು ಅದರಿಂದಲೇ ತಿಳಿಯಿತು. ಕಾಲಿಗೆ ಏನಾಯಿತೆಂದು ಕೇಳಬೇಕೆನಿಸಿತು. ಮರ್ಯಾದೆ ಅಲ್ಲವೆಂದು ಸುಮ್ಮನಾದೆ.

ಆ ದಿನ ನನಗೆ ಉಗುರಣ್ಣನ ಪೂರ್ವಾಪರ ಹೇಳಿದ್ದೂ ಈ ಬಾಮೈದನೇ. ಸವೆದ ಟೈರಿಗೆ ಹೊಸ ರಬ್ಬರ್ ಅಂಟಿಸಿ ಬೇಯಿಸುವ ಕಾರ್ಖಾನೆಯಲ್ಲಿ ಉಗುರಣ್ಣ ಹದಿನೆಂಟು ವರ್ಷ ದುಡಿದಿದ್ದರು. ಬೆಂದ ರಬ್ಬರು ಹದಕ್ಕೆ ಬಂದಿದೆಯೇ ಎಂದು ಅಲ್ಲಿನ ಮೇಸ್ತ್ರಿ ಉಗುರಿನಿಂದ ನೋಡುತ್ತಿದ್ದನಂತೆ, ಇವರು ಕಲಿತದ್ದು ಅಲ್ಲಿ. ಕಾರ್ಖಾನೆ ಮುಚ್ಚಿದ ಮೇಲೆ ಈ ಅಂಗಡಿ. ಊರಿನ ಅರ್ಧ ಕಾರುಗಳ ಟೈರು ಅವರಿಗೆ ಗೊತ್ತು, ಆದರೆ ಅವರು ಓಡಾಡುವುದು ಸೈಕಲ್ಲಿನಲ್ಲಿ. ಮನುಷ್ಯರ ಮುಖ ಅವರಿಗೆ ನೆನಪಿರುವುದಿಲ್ಲ. ಮದುವೆಮನೆಯಲ್ಲಿ ಯಾರಾದರೂ ನಮಸ್ಕಾರ ಅಂದರೆ, ನೀವು ಎಡಗಡೆ ಒಳಮೈ ಸವೆದಿರೋ ನೀಲಿ ಕಾರಿನವರಲ್ಲವೇ ಎಂದು ಕೇಳುತ್ತಾರಂತೆ. ಬೋಳು ಟೈರಿಗೆ ಗಾಳಿ ತುಂಬಿಸಲು ಯಾರು ಬಂದರೂ ಪೈಪು ಕೊಡುವುದಿಲ್ಲ. ಒಮ್ಮೆ ಒಬ್ಬ ವ್ಯಾನಿನವನು ಬೈದು ಗಲಾಟೆ ಮಾಡಿದಾಗ, ಹೆಣಕ್ಕೆ ನಾನು ಗಾಳಿ ಊದುವುದಿಲ್ಲ ಎಂದು ಕಂಪ್ರೆಸರನ್ನೇ ಆರಿಸಿಬಿಟ್ಟರಂತೆ.

ಅವನು ಹೇಳದೆಯೂ ನಾನು ಕಂಡದ್ದೊಂದಿದೆ. ನಾವು ಮಾತಾಡುತ್ತಿದ್ದಾಗ ಹನಿ ಶುರುವಾಯಿತು. ಉಗುರಣ್ಣ ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಬಾಗಿಲಿಗೆ ಹೋದರು. ಹಾದುಹೋಗುವ ಒಂದೊಂದು ಕಾರಿನ ಚಕ್ರವನ್ನೂ ನೋಡುತ್ತ, ಒಳಗೆ ಬಂದು, ಮತ್ತೆ ಹೊರಗೆ ಹೋಗಿ, ಮಳೆ ನಿಲ್ಲುವವರೆಗೆ ಹೀಗೇ. ಪರೀಕ್ಷೆ ಬರೆಯುವ ಮಗನನ್ನು ಗೇಟಿನಾಚೆ ಕಾಯುವ ತಂದೆಯ ಹಾಗಿತ್ತು ಅವರ ನಡಿಗೆ. ನನ್ನ ತಳಮಳವೇ ಸಾಕಾಗಿತ್ತು, ಅವರದೂ ಅಂಟಿಕೊಂಡಿತು.

ನಾಲ್ಕು ಒಳ್ಳೆಯ ಟೈರು ಕೊಳ್ಳಲು ನನ್ನ ಕೈಲಾಗದು ಎಂದು ಮೊದಲೇ ಹೇಳಿದ್ದೆ. ನಾಲ್ಕು ಅಗ್ಗದವು ಇಲ್ಲವೇ ಎಂದೂ ಕೇಳಿದ್ದೆ. ಅವರು ನನ್ನ ಕೈ ಹಿಡಿದು ಟೈರುಗಳ ಸಾಲಿಗೆ ಕರೆದೊಯ್ದರು. ಒಂದಕ್ಕೆ ನನ್ನ ಹೆಬ್ಬೆರಳನ್ನೇ ಒತ್ತಿಸಿದರು. ಹಲಗೆಗೆ ಒತ್ತಿದಂತಾಯಿತು. ಇದು ಬಹಳ ವರ್ಷ ಬಾಳುತ್ತದೆ, ಆದರೆ ಒದ್ದೆ ರಸ್ತೆ ಇದಕ್ಕೆ ಆಗಿಬರುವುದಿಲ್ಲ ಅಂದರು. ಇನ್ನೊಂದಕ್ಕೆ ಒತ್ತಿಸಿದರು. ಉಗುರಿನ ಗುರುತು ಕ್ಷಣಹೊತ್ತು ನಿಂತು ಮೆಲ್ಲಗೆ ಮಾಯವಾಯಿತು. ಇದು ಬೇಗ ಸವೆಯುತ್ತದೆ, ನೀರಲ್ಲಿ ಕೈಬಿಡುವುದಿಲ್ಲ. ಬೆಲೆ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಉಗುರನ್ನೊಂದೇ ನಂಬಬೇಡ ಎಂದು ಟೈರಿನ ಮೇಲಿನ ಚೀಟಿಯನ್ನೂ ತೋರಿಸಿದರು. ಅದರಲ್ಲಿ ಮಳೆ ಸುರಿಸುವ ಮೋಡದ ಚಿತ್ರ, ಪಕ್ಕದಲ್ಲಿ ಒಂದು ಇಂಗ್ಲಿಷ್ ಅಕ್ಷರ. ಅಕ್ಷರಮಾಲೆಯಲ್ಲಿ ಮೊದಲಿದ್ದಷ್ಟೂ ಒಳ್ಳೆಯದು. ಪಕ್ಕೆಯ ಮೇಲೆ ನಾಲ್ಕು ಅಂಕಿ: ಯಾವ ವರ್ಷದ ಎಷ್ಟನೇ ವಾರ ಹುಟ್ಟಿದ್ದು ಎಂಬ ಜಾತಕ. ಅಂಗಡಿಯಲ್ಲೇ ಮುದಿಯಾದ ಟೈರನ್ನು ಹೊಸದೆಂದು ಕೊಳ್ಳಬೇಡ ಅಂದರು.

"ಎರಡು ತಗೋ, ಸಾಕು. ಮುಂದಿನವೆರಡು ಸತ್ತಿವೆ. ಹಿಂದಿನವು ಅರ್ಧ ಇವೆ, ಅವು ಮುಂದೆ ಬರಲಿ. ಹೊಸವು ಹಿಂದಕ್ಕೆ."

ಇಲ್ಲಿ ನನ್ನೊಳಗಿನ ಎಂಜಿನಿಯರು ಮತ್ತೆ ಎದ್ದ. ಎಂಜಿನ್ನು ಮುಂದೆ, ಸ್ಟೀರಿಂಗು ಮುಂದೆ, ಜಾರಿದ್ದು ಮುಂದೆ. ಹೊಸವು ಮುಂದೆ ಇರಬೇಕಲ್ಲವೇ ಎಂದು ವಾದಕ್ಕಿಳಿದೆ.

"ಮುಂದೆ ಜಾರಿತ್ತು, ಅದಕ್ಕೇ ಬದುಕಿ ಬಂದು ನಿಂತಿದ್ದೀಯ," ಅಂದರು ಉಗುರಣ್ಣ. "ಮುಂದೆ ಜಾರಿದ್ರೆ ಕಾರು ನೆಟ್ಟಗೆ ಹೋಗುತ್ತೆ. ಕಾಲು ತೆಗೆದ್ರೆ ಹಿಡಿತ ವಾಪಸ್ ಬರುತ್ತೆ. ಹಿಂದೆ ಜಾರಿದ್ರೆ ಬುಗುರಿ. ನೀನು ಬಂದ ದಾರೀನೇ ನೋಡ್ಕೊಂಡು ಕೂತಿರ್ತೀಯ, ಅಷ್ಟೆ."

ದುಡ್ಡು ನನ್ನದು, ಕಾರು ನನ್ನದು ಅಂದೆ. ಕಾರು ಅಣ್ಣನದು ಎಂಬುದು ಆ ಆವೇಶದಲ್ಲಿ ಮರೆತಿತ್ತು. ಹಾಗಾದರೆ ಟೈರು ನನ್ನದು, ಮುಂದಕ್ಕೆ ಹಾಕಿ ಕೊಡುವುದಿಲ್ಲ ಎಂದು ಅವರು ತಿರುಗಿ ನಡೆದೇಬಿಟ್ಟರು. ಬಾಮೈದ ತನ್ನ ಮೆಷಿನ್ನನ್ನು ಒರೆಸತೊಡಗಿದ. ಅದು ಮೊದಲೇ ಶುಭ್ರವಾಗಿತ್ತು.

ಮುಖ ಸಣ್ಣದು ಮಾಡಿಕೊಂಡು ನಾನು ಹೋದದ್ದು ನಾಲ್ಕು ರಸ್ತೆ ಕೂಡುವಲ್ಲಿನ ಗಾಜಿನ ಶೋರೂಮಿಗೆ. ಅಲ್ಲಿ ಎಸಿ ಇತ್ತು, ಸೋಫಾ ಇತ್ತು, ಗುಂಡಿ ಒತ್ತಿದರೆ ಕಾಫಿ ಬರುವ ಮೆಷಿನ್ನಿತ್ತು. ಇಸ್ತ್ರಿ ಅಂಗಿಯ ಸೇಲ್ಸ್‌ಮನ್ ನನ್ನನ್ನು ಸರ್ ಎಂದು ಕರೆದ. ಹೊಸವು ಮುಂದಕ್ಕಲ್ಲವೇ ಅಂದೆ, ಹೌದು ಸರ್ ಅಂದ. ಗಟ್ಟಿ ರಬ್ಬರು ಒಳ್ಳೆಯದಲ್ಲವೇ ಅಂದೆ, ನೂರಕ್ಕೆ ನೂರು ಸರ್ ಅಂದ. ಅಲ್ಲಿ ಎರಡಲ್ಲ, ನಾಲ್ಕು ಟೈರು ನನ್ನ ಕೈಗೆಟಕುವಂತಿದ್ದವು, ಬಹು ವರ್ಷಗಳ ಗ್ಯಾರಂಟಿ ಬೇರೆ. ಉಗುರಣ್ಣನ ಹೆಸರೆತ್ತಿದಾಗ ಮಾತ್ರ ಅವನ ಮುಖದಲ್ಲಿ ಒಂದು ನಗು ಬಂತು. "ಅವರಾ ಸರ್? ಸ್ವಂತ ಬಾಮೈದನ ಕಾರಿಗೇ ಟೈರ್ ಹಾಕಿಕೊಟ್ಟು, ಒಂದೇ ವಾರಕ್ಕೆ ಮಳೇಲಿ ಪಲ್ಟಿ ಆಯ್ತಂತೆ. ಕಾಲು ಹೋಯ್ತು ಪಾಪ. ಹನ್ನೊಂದು ವರ್ಷ ಆಯ್ತು."

ಕಾಫಿಯ ಲೋಟ ಹಿಡಿದು ಕೂತೆ. ಕೋಲಿನಂತೆ ಚಾಚಿದ ಆ ಕಾಲು ಕಣ್ಣೆದುರಿಗೆ ಬಂತು. ಎದ್ದು ಹೋಗಿ ಶೋರೂಮಿನ ಟೈರಿಗೆ ಉಗುರು ಒತ್ತಿದೆ. ಗುರುತು ಬೀಳಲಿಲ್ಲ, ಉಗುರು ಮುರಿಯಿತು. ನಾನು ಏನೂ ಕೊಳ್ಳದೆ ಹೊರಗೆ ಬಂದದ್ದು ಜಾಣತನದಿಂದೇನಲ್ಲ. ನನ್ನ ಮಾತಿಗೆಲ್ಲ ಹೂಂ ಅನ್ನುವವನನ್ನು ನಂಬಲು ಧೈರ್ಯ ಸಾಲಲಿಲ್ಲ, ಅಷ್ಟೆ. ನಾನು ಎಷ್ಟು ದಡ್ಡನೆಂದು ನನಗೆ ಗೊತ್ತಿತ್ತು. ಹನ್ನೊಂದು ದಿಬ್ಬ ಲೆಕ್ಕವಿತ್ತು.

ಅಂದು ಮನೆಯಲ್ಲಿ ಅತ್ತಿಗೆ ಮಗುವಿನ ಶೂಸಿಗೆ ಹಳೇ ಪತ್ರಿಕೆ ತುರುಕುತ್ತಿದ್ದರು. ನಡೆದದ್ದೆಲ್ಲ ಹೇಳಿದೆ. ಬಾಮೈದನ ಸುದ್ದಿಯನ್ನು ಹೇಳದೆ ನುಂಗಿಬಿಡಬೇಕಿತ್ತು. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅತ್ತಿಗೆ ಪತ್ರಿಕೆ ತುರುಕುವುದನ್ನು ನಿಲ್ಲಿಸಿದರು.

"ಶನಿವಾರ ನಾನೂ ಬರ್ತೀನಿ," ಅಂದರು. ಗದರಿದ್ದರೆ ಚೆನ್ನಾಗಿತ್ತು.

ಶನಿವಾರ ಮಧ್ಯಾಹ್ನ ನಾನು ಕಾರಿನಲ್ಲಿ ಹೋದೆ, ತಾಯಿ ಮಗಳು ಬಸ್ಸಿನಲ್ಲಿ ಬಂದರು. ಆಕಾಶ ಬೆಳಿಗ್ಗೆಯಿಂದ ಕಟ್ಟಿಕೊಂಡು ಸುರಿಯದೆ ಸತಾಯಿಸುತ್ತಿತ್ತು. ಉಗುರಣ್ಣ ನನ್ನ ಕಾರಿನ ಮುಂಚಕ್ರ ನೋಡಿ ನನ್ನ ಗುರುತು ಹಿಡಿದರು. ಹೊಸವು ಹಿಂದಕ್ಕೆ ಎಂದು ನಾನು ಹೇಳಿದೆ, ಬಹಳ ಮೆಲ್ಲಗೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಜಾಕು ಆಗಲೇ ಕಾರಿನಡಿ ಹೋಗಿತ್ತು.

ಅತ್ತಿಗೆ ಕುರ್ಚಿ ಬೇಡವೆಂದು ನಿಂತೇ ಇದ್ದರು. ಎರಡು ಕುರ್ಚಿಯೂ ಖಾಲಿ, ಎಲ್ಲರೂ ನಿಂತಿದ್ದೆವು. ಉಗುರಣ್ಣ ನಟ್ಟು ಬಿಚ್ಚಿದರು, ಚಕ್ರಗಳನ್ನು ಎಳೆದು ಹೊರಳಿಸಿದರು, ನನ್ನ ಕೆತ್ತನೆಯ ಎರಡು ಟೈರುಗಳನ್ನು ಕಳಚಿ ಮೂಲೆಗೆಸೆದರು. ಹೊಸ ಟೈರಿನ ಅಂಚಿಗೆ ಬ್ರಷ್ಷಿನಿಂದ ಸೋಪುನೀರು ಬಳಿದು, ಮೆಷಿನ್ನಿನ ಮೇಲಿಟ್ಟು ಕೂರಿಸಿ, ಗಾಳಿ ಬಿಟ್ಟರು. ಅಂಚು ರಿಮ್ಮಿಗೆ ಕೂತಾಗ ಪಟಾರೆಂದು ಸದ್ದಾಯಿತು. ಮಗು ಕೈತಟ್ಟಿತು, ನಾನು ಹಾರಿಬಿದ್ದೆ. ಬಾಮೈದ ಚಕ್ರವನ್ನು ತನ್ನ ಮೆಷಿನ್ನಿಗೆ ಸಿಕ್ಕಿಸಿ ತಿರುಗಿಸಿ, ಎಲ್ಲಿ ತೂಕ ಕಡಿಮೆಯೋ ಅಲ್ಲಿ ಪುಟ್ಟ ಸೀಸದ ತುಂಡು ಬಡಿದ. ಎರಡನೆಯ ಚಕ್ರದ ಸರದಿ ಬಂದಾಗ ಮಗುವಿಗೆ ಒಂದು ತುಂಡು ಕೊಟ್ಟು, ಎಲ್ಲಿ ಹಚ್ಚಲಿ ಹೇಳು ಅಂದ. ಮಗು ತೋರಿಸಿದ ಕಡೆ ಹಚ್ಚುವಂತೆ ನಟಿಸಿ, ಸರಿಯಾದ ಕಡೆ ಹಚ್ಚಿದ.

ಉಗುರಣ್ಣ ಕೊನೆಯ ನಟ್ಟು ಬಿಗಿಯುವಾಗ ಹನಿ ಬಿತ್ತು. ಅವರು ಪಾನಾ ಹಿಡಿದೇ ಬಾಗಿಲಿಗೆ ಹೋಗಿ, ನಾಲ್ಕು ಕಾರು ನೋಡಿ, ವಾಪಸ್ ಬಂದು ನಟ್ಟು ಮುಗಿಸಿದರು. ಹೊಸ ರಬ್ಬರಿನ ಮೇಲೆ ಎಣ್ಣೆಯ ಹಾಗೆ ಒಂದು ಪೊರೆ ಇರುತ್ತದೆ, ಮೊದಲ ಕೆಲವು ದಿನ ಅದು ಸವೆದುಹೋಗುವವರೆಗೆ ಅವಸರ ಮಾಡಬೇಡ ಎಂದು ನನಗೆ ಹೇಳಿದರು. ಆಮೇಲೆ ಅತ್ತಿಗೆಯ ಕಡೆ ತಿರುಗಿ, ಇನ್ನು ಹತ್ತಬಹುದು ಎಂಬಂತೆ ಹಿಂದಿನ ಬಾಗಿಲು ತೆರೆದು ಹಿಡಿದರು.

ಮಗು ನುಗ್ಗಿ ಒಳಗೆ ಕೂತಿತು. ಅತ್ತಿಗೆ ಹತ್ತಲಿಲ್ಲ. ಬಾಗಿಲಿನ ಮೇಲೆ ಕೈಯಿಟ್ಟು ಹೊರಗೇ ನಿಂತರು. ಅವರ ತುಟಿ ಬಿಗಿದದ್ದು ನೋಡಿ ಏನು ಬರಲಿದೆಯೆಂದು ಗೊತ್ತಾಯಿತು. ಭೂಮಿ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

"ಅಣ್ಣಾ, ತಪ್ಪು ತಿಳೀಬೇಡಿ. ನನ್ನ ಮಗಳು ಕೂರೋ ಗಾಡಿ, ಅದಕ್ಕೆ ಕೇಳ್ತಿದ್ದೀನಿ," ಅಂದರು. "ನಿಮ್ಮ ಬಾಮೈದನ ಕಾರಿಗೂ ನೀವೇ ಟೈರ್ ಹಾಕಿದ್ರಂತೆ. ಒಂದು ವಾರಕ್ಕೇ ಹೀಗಾಯ್ತಂತೆ. ಹೌದಾ?"

ಬ್ಯಾಲೆನ್ಸಿಂಗ್ ಮೆಷಿನ್ನು ಇನ್ನೂ ಸುಮ್ಮನೆ ತಿರುಗುತ್ತಿತ್ತು. ಬಾಮೈದ ಕೈಯಿಟ್ಟು ಅದನ್ನು ನಿಲ್ಲಿಸಿದ. ತಲೆ ಎತ್ತಿ ಭಾವನ ಕಡೆ ನೋಡಿದ. ಹೊರಗೆ ಮಳೆ ಹಿಡಿದುಕೊಂಡಿತ್ತು. ಆದರೆ ಉಗುರಣ್ಣ ಈ ಸಲ ಬಾಗಿಲಿಗೆ ಹೋಗಲಿಲ್ಲ. ನಿಂತಲ್ಲೇ ನಿಂತು ಕೈಯನ್ನು ಬಟ್ಟೆಗೆ ಒರೆಸಿಕೊಂಡರು.

"ಹೌದಮ್ಮ, ನಾನೇ ಹಾಕಿದ್ದು. ಎರಡು ಹೊಸವು, ಎರಡೂ ಮುಂದಕ್ಕೆ. ಹಿಂದಕ್ಕೆ ಹಾಕಬೇಕು ಅಂತ ಆಗಲೂ ಗೊತ್ತಿತ್ತು. ಮುಂದೆ ಹಾಕಿ ಭಾವ ಅಂದ, ಹೆಂಡತಿ ತಮ್ಮ, ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ನಿಮ್ಮ ಮೈದುನ ನನಗೆ ನೆಂಟನೂ ಅಲ್ಲ, ಏನೂ ಅಲ್ಲ. ಅದಕ್ಕೇ ಹಿಂದಕ್ಕೆ ಹಾಕಿದ್ದೀನಿ."